ಪದಚರ್ಚೆ: ವರದಕ್ಷಿಣೆ, ಸ್ತ್ರೀಧನ, ಬಳುವಳಿ – ಇಂಗ್ಲಿಷ್ ಕಾದಂಬರಿಯ ಹೆಣ್ಣಿನ ಹಣಕ್ಕೆ ಯಾವ ಮಾತು?

ಪ್ರಶ್ನೆ: 19ನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಮದುವೆಯ ಮಾತು ಎದ್ದಲ್ಲೆಲ್ಲ ಪೋರ್ಷನ್, ಸೆಟಲ್‌ಮೆಂಟ್, ಜಾಯಿಂಚರ್, ಪಿನ್ ಮನಿ ಎಂಬ ಪದಗಳು ಬರುತ್ತವೆ. ಎಲ್ಲಕ್ಕೂ ‘ವರದಕ್ಷಿಣೆ’ ಎಂದು ಬರೆದರೆ ಅರ್ಥ ಕಲಸಿಹೋಗುತ್ತದೆ. ಸೆಟಲ್‌ಮೆಂಟಿಗೆ ‘ಸ್ತ್ರೀಧನ’ ಎನ್ನಬಹುದೆ? ಬಲ್ಲವರು ತಿಳಿಸಿಕೊಡಬೇಕು.

ಉತ್ತರ: ‘ಸ್ತ್ರೀಧನ’ ಬೇಡ. ಸೊಗಸಾಗಿ ಹೊಂದುವಂತೆ ಕಾಣುವುದರಿಂದಲೇ ಅದು ಹೆಚ್ಚು ದಾರಿ ತಪ್ಪಿಸುತ್ತದೆ.

ನಮ್ಮಲ್ಲಿ ಸ್ತ್ರೀಧನ ಹೆಣ್ಣಿನದಾಗಲು ಬೇರೆ ಪತ್ರ ಬೇಕಿರಲಿಲ್ಲ. ಮದುವೆಯ ಅಗ್ನಿಯ ಮುಂದೆ ಕೊಟ್ಟದ್ದು, ಗಂಡನ ಮನೆಗೆ ಹೊರಡುವಾಗ ಕೊಟ್ಟದ್ದು, ತಂದೆ ತಾಯಿ ಅಣ್ಣತಮ್ಮಂದಿರು ಪ್ರೀತಿಯಿಂದ ಕೊಟ್ಟದ್ದು ಎಲ್ಲವೂ ಕೊಟ್ಟ ಗಳಿಗೆಯಿಂದ ಅವಳದೇ. ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಟೀಕೆ ಬರೆದ ವಿಜ್ಞಾನೇಶ್ವರ ಆ ಪಟ್ಟಿಯನ್ನು ಇನ್ನೂ ಹಿಗ್ಗಿಸಿ, ವಾರಸಾಗಿ ಬಂದದ್ದನ್ನೂ ಕೊಂಡದ್ದನ್ನೂ ಪಾಲಿನಲ್ಲಿ ಸಿಕ್ಕಿದ್ದನ್ನೂ ಸೇರಿಸಿದ. ಬರಗಾಲ, ಧರ್ಮಕಾರ್ಯ, ರೋಗ, ಸೆರೆ – ಈ ನಾಲ್ಕು ಸಂದರ್ಭಗಳಲ್ಲಿ ಗಂಡ ಅದನ್ನು ಬಳಸಿಕೊಂಡರೆ ಹಿಂತಿರುಗಿಸಬೇಕಿಲ್ಲ ಎಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಹೀಗೆ ವಿನಾಯಿತಿಗಳನ್ನು ಎಣಿಸಿ ಹೇಳಬೇಕಾಗಿ ಬಂತೆಂದರೆ ಉಳಿದಂತೆ ಹಕ್ಕು ಹೆಂಡತಿಯದೇ ಎಂದಾಯಿತು. ನಡೆವಳಿಯಲ್ಲಿ ಅದು ಎಷ್ಟು ಉಳಿಯಿತು ಎಂಬುದು ಬೇರೆ ಚರ್ಚೆ.

ಇಂಗ್ಲೆಂಡಿನಲ್ಲಿ ಇದು ತಿರುವುಮುರುವು. ಅಲ್ಲಿನ ಸಾಮಾನ್ಯ ಕಾನೂನು ಗಂಡಹೆಂಡಿರನ್ನು ಒಂದೇ ವ್ಯಕ್ತಿ ಎಂದು ಎಣಿಸುತ್ತಿತ್ತು, ಆ ಒಬ್ಬ ವ್ಯಕ್ತಿ ಗಂಡ. ಇದಕ್ಕೆ ಕವರ್ಚರ್ ಎಂದು ಹೆಸರು. ಹೆಂಡತಿಯ ನಗದು, ಒಡವೆ, ಪೀಠೋಪಕರಣ, ದುಡಿದ ಕೂಲಿ ಮದುವೆಯೊಡನೆ ಗಂಡನ ಸ್ವತ್ತಾಗುತ್ತಿದ್ದವು. ಅವಳ ಜಮೀನನ್ನು ಅವಳ ಒಪ್ಪಿಗೆಯಿಲ್ಲದೆ ಮಾರುವಂತಿರಲಿಲ್ಲ, ಆದರೆ ಗೇಣಿ ಅವನದು. ಕವಯಿತ್ರಿ, ಕಾದಂಬರಿಕಾರ್ತಿ ಕ್ಯಾರೊಲೈನ್ ನಾರ್ಟನ್ 1836ರಲ್ಲಿ ಗಂಡನಿಂದ ಬೇರೆಯಾದ ಮೇಲೂ ಬರೆದು ಗಳಿಸಿದ ಹಣ ಕಾನೂನಿನ ಪ್ರಕಾರ ಅವನದೇ ಆಗಿತ್ತು. ಎಂಥ ಅನ್ಯಾಯವೆಂದು ಆಕೆ ಕರಪತ್ರಗಳಲ್ಲಿ ಬಿಡಿಸಿ ಬರೆದಳು.

ಈ ಕಾನೂನಿಗೆ ಹಾಕಿದ ಬೇಲಿಯೇ ಸೆಟಲ್‌ಮೆಂಟ್. ಮದುವೆಗೆ ಮೊದಲು ವಕೀಲರು ಪತ್ರ ಬರೆದು, ಇಷ್ಟು ಹಣವನ್ನು ಟ್ರಸ್ಟಿಗಳ ಕೈಗೆ ಒಪ್ಪಿಸಿ, ಬಡ್ಡಿ ಯಾರಿಗೆ, ಅಸಲು ಮುಂದೆ ಯಾರಿಗೆ ಎಂದು ಗೊತ್ತುಮಾಡುತ್ತಿದ್ದರು. ಇದನ್ನು ಮಾನ್ಯ ಮಾಡುತ್ತಿದ್ದುದು ಸಾಮಾನ್ಯ ಕಾನೂನಿಗಿಂತ ನ್ಯಾಯನೀತಿಯನ್ನು ನೋಡಿ ತೀರ್ಪು ಕೊಡುತ್ತಿದ್ದ ಚಾನ್ಸರಿ ನ್ಯಾಯಾಲಯ. ಗಂಡ ಕಾಡಿಬೇಡಿಯೋ ಹೊಡೆದುಬಡಿದೋ ಹೆಂಡತಿಯಿಂದ ಸಹಿ ಹಾಕಿಸಿಕೊಂಡಾನು ಎಂದು, ಮುಂದೆ ಬರಬೇಕಾದ ವರಮಾನವನ್ನು ಅವಳೂ ಅಡವಿಡದಂತೆ ಒಂದು ಷರತ್ತನ್ನು ಹಾಕುವುದುಂಟು. ಇದೆಲ್ಲ ಖರ್ಚಿನ ಬಾಬತ್ತು. ಉಳ್ಳವರ ಮನೆಯ ಹೆಣ್ಣಿಗೆ ಮಾತ್ರ ಈ ಬೇಲಿ, ಗಿರಣಿಯಲ್ಲಿ ದುಡಿಯುವವಳಿಗೆ ಇಲ್ಲ. ಆದ್ದರಿಂದ ‘ಮದುವೆಯ ಕರಾರು’ ಎನ್ನಿ, ಹಣದ ವಿಚಾರಕ್ಕೆ ‘ಹೆಸರಿಗೆ ಕಟ್ಟಿಟ್ಟ ಹಣ’ ಎನ್ನಿ. ಟ್ರಸ್ಟಿಗೆ ‘ಧರ್ಮದರ್ಶಿ’ ಎಂದರೆ ದೇವಸ್ಥಾನವೇ ಕಣ್ಣಮುಂದೆ ಬರುತ್ತದೆ, ಟ್ರಸ್ಟಿ ಎಂದೇ ಇರಲಿ.

ಜೇನ್ ಆಸ್ಟಿನ್ ಬರೆದ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿ ಬೆನೆಟ್ ದಂಪತಿಗಳ ಮದುವೆಯ ಕರಾರಿನಂತೆ 5,000 ಪೌಂಡು ತಾಯಿಗೂ ಮಕ್ಕಳಿಗೂ ಸೇರಬೇಕು. ಇದನ್ನು ‘5,000 ಪೌಂಡು ವರದಕ್ಷಿಣೆ’ ಎಂದು ಬರೆದರೆ ಕಥೆಯ ಲೆಕ್ಕವೇ ಕೆಡುತ್ತದೆ. ಆ ಮೊತ್ತ ಐದು ಹೆಣ್ಣುಮಕ್ಕಳಿಗೆ ಹಂಚಿದರೆ ತಲೆಗೆ 1,000, ಅದೂ ತಾಯಿ ತೀರಿಕೊಂಡ ಮೇಲೆ. ಶೇಕಡಾ 4ರ ಸರ್ಕಾರಿ ಸಾಲಪತ್ರದಲ್ಲಿ ಅದಕ್ಕೆ ವರ್ಷಕ್ಕೆ 40 ಪೌಂಡು ಬಡ್ಡಿ. ಮನೆಜಮೀನು ಗಂಡು ವಾರಸುದಾರರಿಗೇ ಸಲ್ಲಬೇಕೆಂದು ಎಂಟೇಲ್ ಆಗಿರುವುದರಿಂದ ತಂದೆಯ ವರ್ಷದ 2,000 ಪೌಂಡು ವರಮಾನ ದೂರದ ನೆಂಟನ ಪಾಲಾಗುತ್ತದೆ. ತಾಯಿಯ ಧಾವಂತದ ಹಿಂದೆ ಈ ಲೆಕ್ಕವಿದೆ, ಅವಳು ಬರಿಯ ಬಾಯಿಬಡುಕಿಯಲ್ಲ. ಎಂಟೇಲ್‌ಗೆ ‘ಗಂಡು ಸಂತತಿಗೆ ಕಟ್ಟುಬಿದ್ದ ಆಸ್ತಿ’ ಎಂದು ಬಿಡಿಸಿ ಬರೆಯುವುದೇ ಒಳ್ಳೆಯದು.

ಅನುವಾದಗಳಲ್ಲಿ ಪದೇಪದೇ ಎಡವುವ ಇನ್ನೊಂದು ಜಾಗವಿದೆ. ಗಂಡಸಿನ ಐಶ್ವರ್ಯವನ್ನು ವರ್ಷದ ವರಮಾನದಲ್ಲಿ ಹೇಳುತ್ತಾರೆ, ಹೆಣ್ಣಿನದನ್ನು ಇಡುಗಂಟಿನಲ್ಲಿ. ಅದೇ ಕಾದಂಬರಿಯ ನಾಯಕ ಡಾರ್ಸಿಗೆ ವರ್ಷಕ್ಕೆ 10,000, ಅವನ ತಂಗಿಗೆ ಒಟ್ಟು 30,000. ‘ವರ್ಷಕ್ಕೆ’ ಎಂಬ ಮಾತು ಬಿಟ್ಟರೆ ತಂಗಿಯೇ ಮೂರು ಪಟ್ಟು ಸಿರಿವಂತೆ ಎಂದಾಗುತ್ತದೆ! ಶೇಕಡಾ 4ರಂತೆ ಅವಳಿಗೆ ಬರುವುದು ವರ್ಷಕ್ಕೆ 1,200 ಮಾತ್ರ.

ಪೋರ್ಷನ್‌ಗೆ ‘ಬಳುವಳಿ’ ಸರಿಯಾದ ಪದ. ತವರು ಮಗಳಿಗೆಂದು ಕೊಟ್ಟು ಕಳಿಸುವುದು ಎಂಬ ಅರ್ಥ ಅದರಲ್ಲಿದೆ. ‘ವರದಕ್ಷಿಣೆ’ ಎಂದೊಡನೆ ಇಂದಿನ ಓದುಗರಿಗೆ ಗಂಡಿನ ಕಡೆಯವರ ಪೀಡನೆಯೂ ಕಾನೂನಿನ ಅಪರಾಧವೂ ನೆನಪಾಗುತ್ತವೆ. ಅಲ್ಲಿ ಬಳುವಳಿ ತಂದವಳಿಗೆ ಗಂಡಿನ ಕಡೆಯವರೂ ಪ್ರತಿಯಾಗಿ ಜಾಯಿಂಚರ್ ಬರೆದುಕೊಡಬೇಕಿತ್ತು, ಎಂದರೆ ಗಂಡ ಸತ್ತರೆ ಅವಳು ಬದುಕಿರುವವರೆಗೆ ವರ್ಷವರ್ಷ ಸಲ್ಲುವ ಹಣ. 18ನೆಯ ಶತಮಾನದಲ್ಲಿ 1,000 ಪೌಂಡು ಬಳುವಳಿಗೆ ವರ್ಷಕ್ಕೆ 100 ಎಂಬ ವಾಡಿಕೆಯಿತ್ತು. ‘ಜೀವನಾಂಶ’ ಎಂದರೆ ವಿಚ್ಛೇದನ ಎಂದುಕೊಳ್ಳುವವರೇ ಹೆಚ್ಚು. ‘ವಿಧವೆಯ ವರ್ಷಾಶನ’ ಎಂದರೆ ಗೊಂದಲವಿಲ್ಲ.

ಪಿನ್ ಮನಿಗೆ ‘ಅರಿಶಿನ ಕುಂಕುಮದ ಹಣ’ ಎನ್ನುವ ಆಸೆ ಸಹಜ. ಆದರೆ ಅರಿಶಿನ ಕುಂಕುಮಕ್ಕೆಂದು ಕೊಡುವವರು ತವರಿನವರು. ಪಿನ್ ಮನಿ ಕರಾರಿನಂತೆ ಗಂಡ ಬಟ್ಟೆಬರೆಗೆಂದು ಕೊಡಬೇಕಾದ ಹಣ. ‘ಕೈಖರ್ಚು’ ಸಾಕು.

ಕಥೆ ನಡೆಯುವ ವರ್ಷವನ್ನೂ ನೋಡಿಕೊಳ್ಳಿ. ಇಂಗ್ಲೆಂಡಿನ ವಿವಾಹಿತ ಸ್ತ್ರೀಯರ ಆಸ್ತಿಯ 1870ರ ಕಾಯಿದೆ ಹೆಂಡತಿಯ ದುಡಿಮೆಯ ಹಣವನ್ನೂ, ಉಯಿಲಿನಿಂದ ಬಂದ 200 ಪೌಂಡಿನವರೆಗಿನ ನಗದನ್ನೂ ಅವಳಿಗೆ ಬಿಟ್ಟುಕೊಟ್ಟಿತು. 1882ರ ಕಾಯಿದೆ 1883ರ ಜನವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಮದುವೆಯಾದವಳ ಆಸ್ತಿ ಅವಳದೇ. ಆ ಮೇಲಿನ ಕಾಲದ ಕಥೆಯಲ್ಲಾದರೆ ‘ಹೆಂಡತಿಯ ಸ್ವಂತ ಆಸ್ತಿ’ ಎಂದು ಧಾರಾಳವಾಗಿ ಬರೆಯಬಹುದು.