ಪದ ಬೇಕು: "ಕಂಟ್ರೋಲ್ ಪ್ಲಾಸ್ಮಾ"ಕ್ಕೆ ಕನ್ನಡದಲ್ಲಿ ಏನಂತೀರಿ? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನೀಶಿಯನ್ ನಾನು. ಫ್ರಿಜ್ ಬಾಗಿಲಿಗೆ ಅಂಟಿಸೋಕೆ ಒಂದು ಹಾಳೆ ಬೇಕು, ಲ್ಯಾಮಿನೇಶನ್ ಅಂಗಡಿಯವನು ಏಳಕ್ಕೆ ಬಾಗಿಲು ಹಾಕ್ತಾನೆ. ಪಿಟಿ, ಎಪಿಟಿಟಿ ಅಂತ ರಕ್ತ ಹೆಪ್ಪುಗಟ್ಟೋ ಟೈಮ್ ನೋಡೋ ಟೆಸ್ಟ್ ಇದಾವಲ್ಲ, ಪೇಷಂಟ್ ಸ್ಯಾಂಪಲ್ ಹಾಕೋ ಮುಂಚೆ ಕಂಟ್ರೋಲ್ ಪ್ಲಾಸ್ಮಾ (ಎಷ್ಟು ಟೈಮ್ ಬರಬೇಕು ಅಂತ ಮೊದಲೇ ಗೊತ್ತಿರೋ, ರಕ್ತದ ಹಳದಿ ನೀರಿನ ಭಾಗ) ಓಡಿಸ್ತೀವಿ, ಒಂದು ನಾರ್ಮಲ್ ಒಂದು ಅಬ್‌ನಾರ್ಮಲ್, ಎರಡೂ ಅದರದರ ರೇಂಜಲ್ಲಿ ಬಂದ್ರೆ ಮಾತ್ರ ಮುಂದಕ್ಕೆ. ಒಣಗಿಸಿದ ಪುಡಿಯಾಗಿ ಬರುತ್ತೆ, ನಮ್ಮದಕ್ಕೆ 1 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ ಅರ್ಧ ಗಂಟೆ ಸುಮ್ನೆ ಬಿಡಬೇಕು. ಹೋದ ವಾರ ಹೊಸ ಹುಡುಗ ಟಾನಿಕ್ ಬಾಟ್ಲಿ ಕುಲುಕಿದಂಗೆ ಕುಲುಕಿ ನೊರೆ ಎಬ್ಬಿಸಿದ, ಕಂಟ್ರೋಲ್ ರೇಂಜ್ ದಾಟಿತು, ಬೆಳಗಿನ ಸ್ಯಾಂಪಲ್ಲೆಲ್ಲ ನಿಂತ್ವು. ಒಬ್ರು ಮಾಡಿಕೊಟ್ಟ ಅನುವಾದದಲ್ಲಿ "ನಿಯಂತ್ರಣ ಪ್ಲಾಸ್ಮಾವನ್ನು ಪುನಾರಚಿಸಿ" ಅಂತಿದೆ. ಸಚಿವ ಸಂಪುಟಾನಾ ಇದು?

*

ಚಿತ್ರದುರ್ಗದಿಂದ:
ನಿಯಂತ್ರಣ ತಪ್ಪು. ಇಲ್ಲಿ ಏನನ್ನೂ ತಡೀತಿಲ್ಲ, ಒರೆಗೆ ಹಚ್ತಿದೀರಿ. ಅಕ್ಕಸಾಲಿ ಹತ್ರ ಒರೆಗಲ್ಲು ಇದೆ, ನಿಮ್ಮ ಹತ್ರ "ಒರೆನೆತ್ತರು". ಹೆಪ್ಪುಗಟ್ಟು ಅನ್ನೋದನ್ನೂ ಬಿಡಿ. ಹೆಪ್ಪು ಅಂದ್ರೆ ಹಾಲಿಗೆ ಹೊರಗಿಂದ ಬಿಡೋ ಮಜ್ಜಿಗೆ, ರಕ್ತಕ್ಕೆ ಯಾರು ಮಜ್ಜಿಗೆ ಹಾಕ್ತಾರೆ? ಕರಣೆಗಟ್ಟು ಅನ್ನಿ, ಕರಣೆ ಅಂದ್ರೆ ಗಡ್ಡೆ.

*

> ರಕ್ತಕ್ಕೆ ಯಾರು ಮಜ್ಜಿಗೆ ಹಾಕ್ತಾರೆ?

ನಾವೇ ಹಾಕ್ತೀವಿ ಸಾರ್. ನೀಲಿ ಮುಚ್ಚಳದ ಟ್ಯೂಬಲ್ಲಿ 3.2% ಸಿಟ್ರೇಟ್ ಇರುತ್ತೆ, ಅದು ಒಂದು ಪಾಲು, ರಕ್ತ ಒಂಬತ್ತು ಪಾಲು, ಸಿಟ್ರೇಟು ಕ್ಯಾಲ್ಸಿಯಂ ಹಿಡ್ಕೊಂಡು ಕೂರೋದ್ರಿಂದ ಗಟ್ಟಿಯಾಗಲ್ಲ. ಮಷೀನಲ್ಲಿ ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾ ತಗೊಂಡು, 37 ಡಿಗ್ರಿಗೆ ಬೆಚ್ಚಗೆ ಮಾಡಿ, ಕ್ಯಾಲ್ಸಿಯಂ ಸೇರಿಸಿದ ಥ್ರಾಂಬೊಪ್ಲಾಸ್ಟಿನ್ ಅನ್ನೋ ರಕ್ತ ಗಟ್ಟಿ ಮಾಡೋ ದ್ರವ ಬಿಟ್ರೆ ಹನ್ನೆರಡು ಹದಿಮೂರು ಸೆಕೆಂಡಿಗೆ ಕಟ್ಕೊಳ್ಳುತ್ತೆ, ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕ್ದಂಗೇ ಅಲ್ವಾ. ಇನ್ನು ಒರೆನೆತ್ತರು ಅಂತ ಬರೆದ್ರೆ ಹುಡುಗ ಕೆಂಪು ಬಾಟ್ಲಿ ಹುಡುಕ್ತಾನೆ.

*

ಒರೆ ಅಂದ್ರೆ ನಂಗೆ ಕತ್ತಿ ಇಡೋ ಒರೆ. ಕಂಟ್ರೋಲ್ ಅಂತಲೇ ಬಿಡಿ, ಬಸ್ಸನ್ನ ಬಸ್ಸು ಅಂತಲೇ ಬಿಟ್ಟಿಲ್ವಾ.

*

ಚಿತ್ರದುರ್ಗದಿಂದ:
ಹಂಗೇ ಬಿಡ್ತಾ ಬನ್ನಿ. ರನ್ ಮಾಡಿ, ಮಿಕ್ಸ್ ಮಾಡಿ, ಶೇಕ್ ಮಾಡಬೇಡಿ. "ಮಾಡಿ" ಒಂದೇ ನಮ್ದು.

*

ನೀವು ಕುರ್ಚಿ, ಚಾವಿ, ಅರ್ಜಿ ಮೂರು ಪದಾನೂ ವಾಪಸ್ ಕೊಟ್ಟು ಬನ್ನಿ, ಆಮೇಲೆ ಮಾತಾಡೋಣ.

*

ಚಿತ್ರದುರ್ಗದಿಂದ:
"ವಾಪಸ್" ಫಾರಸಿ.

*

ಜಗಳ ಆಮೇಲಾಡ್ರಿ, ಅವರಿಗೆ ಏಳಕ್ಕೆ ಬೇಕಂತೆ. "ತಾಳೆ" ಆಗಲ್ವಾ? ನಮ್ಮಪ್ಪ ದಲಾಲಿ ಅಂಗಡೀಲಿ ಲೆಕ್ಕ ಬರೀತಿದ್ರು, ಹತ್ತು ರೂಪಾಯಿ ತಾಳೆ ಆಗ್ಲಿಲ್ಲ ಅಂದ್ರೆ ಊಟಕ್ಕೆ ಬರ್ತಿರಲಿಲ್ಲ. ಇದೂ ಅದೇ ಕೆಲಸ, ತಾಳೆ ಆಗದೆ ಮುಂದಕ್ಕೆ ಹೋಗಂಗಿಲ್ಲ. ಪುನಾರಚನೆ ತೆಗೆದು "ನೀರು ಹಾಕಿ ನೆನೆಯೋಕೆ ಬಿಡಿ" ಅಂತ ಬರೀರಿ.

*

ತಾಳೆ ಎಣ್ಣೆ ಅನ್ಕೊಳ್ತಾರೆ.

*

ಎಲ್ರಿಗೂ ಥ್ಯಾಂಕ್ಸ್. ಆರೂ ಮುಕ್ಕಾಲಾಯ್ತು, ಪ್ರಿಂಟ್ ಕೊಟ್ಟೆ: "ತಾಳೆ ನೋಡುವ ಪ್ಲಾಸ್ಮಾ (ಕಂಟ್ರೋಲ್). ನೀರು ಹಾಕಿ, 30 ನಿಮಿಷ ನೆನೆಯಲು ಬಿಡಿ. ಮೆಲ್ಲಗೆ ತಿರುವಿ, ಕುಲುಕಬೇಡಿ." ಹುಡುಗನಿಗೆ ಓದಿಸಿದೆ, ಅರ್ಥ ಆಯ್ತಂತೆ, ಆದ್ರೆ ತಿರುವಿ ಅಂದ್ರೆ ತಲೆಕೆಳಗಾ ಅಂತ ಕೇಳ್ತಿದಾನೆ.