ಪದಚರ್ಚೆ: ಗಾಳ ಹಾಕುವ ಜಾಗಕ್ಕೆ ಏನನ್ನಬೇಕು? ತಾಣವೋ, ಎಡೆಯೋ, ಮಡುವೋ?

ಕಾರವಾರದಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಜಿಲ್ಲೆಯ ಕೆರೆ, ಹೊಳೆ, ಹಿನ್ನೀರುಗಳಲ್ಲಿ ಎಲ್ಲೆಲ್ಲಿ ಗಾಳ ಹಾಕಬಹುದು ಎಂದು ತೋರಿಸುವ ಒಂದು ನಕ್ಷೆ ತಯಾರಾಗುತ್ತಿದೆ. ಜೊತೆಗೆ ಕೆಲವು ಬೋರ್ಡುಗಳು. ಕನ್ನಡಕ್ಕೆ ತರುವ ಕೆಲಸ ನನ್ನದು. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು.

ಮೂಲದಲ್ಲಿ ಎಲ್ಲ ಕಡೆ ಒಂದೇ ಮಾತು, ‘ಫಿಶಿಂಗ್ ಸ್ಪಾಟ್’. ಮೊದಲು ಯಾರೋ ಮಾಡಿಟ್ಟ ಕರಡಿನಲ್ಲಿ ‘ಮತ್ಸ್ಯ ಬೇಟೆ ತಾಣ’ ಎಂದಿದೆ. ಬಾಯಲ್ಲಿ ಹೇಳಿ ನೋಡಿದೆ, ಯಾರೂ ಹೀಗೆ ಮಾತಾಡುವುದಿಲ್ಲ. ‘ಮೀನುಗಾರಿಕಾ ಸ್ಥಳ’ ಅಂದರೆ ನಮಗಿಲ್ಲಿ ಬೈತಖೋಲ ಬಂದರೇ ಕಣ್ಣಿಗೆ ಬರುತ್ತದೆ: ದೋಣಿ, ಐಸು, ಲಾರಿ. ನನಗೆ ಬೇಕಾಗಿರುವುದು ಸಿಹಿನೀರಿನ ಜಾಗ. ಒಬ್ಬ ಮನುಷ್ಯ ಬಿದಿರಿನ ಕೋಲು ಹಿಡಿದು ಸುಮ್ನೆ ಕೂರುವ ಜಾಗ. ಬೋರ್ಡಿನ ಅಗಲ ಎರಡೇ ಅಡಿ. ಚಿಕ್ಕ ಪದ ಇದ್ದರೆ ಹೇಳಿ.

ಧಾರವಾಡದಿಂದ:

‘ಮತ್ಸ್ಯ’ ಬೇಡವೇ ಬೇಡ. ‘ತಾಣ’ವೂ ಬೇಡ, ಅದು ಸ್ಥಾನದ ತದ್ಭವ. ‘ಜಾಗ’ ಪಾರಸಿ ಕಡೆಯಿಂದ ಬಂದದ್ದು. ಅಚ್ಚಗನ್ನಡದಲ್ಲಿ ‘ಎಡೆ’ ಇದೆ. ‘ಮೀನೆಡೆ’ ಎಂದು ಬರೆಯಿರಿ. ಮೂರೇ ಅಕ್ಷರ, ಎರಡು ಅಡಿಯಲ್ಲಿ ಆರಾಮಾಗಿ ಕೂರುತ್ತದೆ.

ಶಿರಸಿಯಿಂದ:

ತಂಗೀ, ‘ಮೀನೆಡೆ’ ಬರೆಯಬೇಡಿ. ನಮ್ಮ ಕಡೆ ಎಡೆ ಅಂದರೆ ದೇವರಿಗೆ, ಹಿರಿಯರಿಗೆ ಇಡುವ ಎಡೆ. ಆ ಬೋರ್ಡು ನೋಡಿದವರು ಅಲ್ಲಿ ಮೀನಿನೂಟ ಬಡಿಸುತ್ತಾರೆ ಅಂದುಕೊಳ್ಳುತ್ತಾರೆ.

ನೀವು ಒಂದು ಪದ ಕೇಳಿದಿರಿ. ಆದರೆ ನೀರು ಒಂದೇ ಥರ ಇಲ್ಲವಲ್ಲ. ಹೊಳೆಯಲ್ಲಿ ಮೀನು ಹಿಡಿಯುವವರು ‘ಮಡು’ ಅನ್ನುತ್ತಾರೆ. ಚಿಕ್ಕ ಹಳ್ಳದಲ್ಲಾದರೆ ‘ಗುಂಡಿ’. ತೋಟಕ್ಕೆ ನೀರು ತಿರುಗಿಸಲು ಮಳೆಗಾಲ ಕಳೆದ ಮೇಲೆ ಹಳ್ಳಕ್ಕೆ ಅಡ್ಡ ಕಟ್ಟುತ್ತೇವಲ್ಲ, ಅಲ್ಲಿ ‘ಒಡ್ಡು’. ಕೆರೆಯಲ್ಲಿ ‘ಕೋಡಿ’. ಅಣೆಕಟ್ಟಿನ ಹಿಂದೆ ‘ಹಿನ್ನೀರು’. ಊರಿನವರನ್ನು ಮೀನು ಎಲ್ಲಿದೆ ಎಂದು ಕೇಳಿ, ಈ ಪದಗಳಲ್ಲೇ ಉತ್ತರ ಬರುತ್ತದೆ. ಯಾರೂ ತಾಣ, ಕೇಂದ್ರ ಅನ್ನುವುದಿಲ್ಲ.

‘ಮಡು’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹರಿಯುವ ನೀರಿನಲ್ಲಿ ಆಳವಾಗಿ ನಿಂತ ಜಾಗಕ್ಕೆ ಈ ಹೆಸರು. ತಮಿಳಿನಲ್ಲೂ ಮಡು, ತೆಲುಗಿನಲ್ಲಿ ಮಡುಗು. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಮೀನೆಲ್ಲ ಮಡುವಿಗೆ ಬಂದು ಸೇರುತ್ತವೆ, ಅದಕ್ಕೇ ಗಾಳದವರೂ ಅಲ್ಲೇ ಸೇರುತ್ತಾರೆ. ನಮ್ಮ ಯಕ್ಷಗಾನದಲ್ಲಿ ಕೃಷ್ಣ ಹಾರಿದ್ದು ಕಾಳಿಂದಿಯ ಮಡುವಿಗೆ. ಈಗ ಪೇಪರಿನಲ್ಲಿ ಈ ಪದ ಉಳಿದಿರುವುದು ‘ರಕ್ತದ ಮಡುವಿನಲ್ಲಿ’ ಎನ್ನುವಲ್ಲಿ ಮಾತ್ರ. ನನಗೆ ಬಹಳ ಬೇಸರವಾಗುತ್ತದೆ. ನೀರಿನ ಪದವನ್ನು ನೀರಿನಿಂದ ತೆಗೆದು ಕೊಲೆಯ ಸುದ್ದಿಗೆ ಕಟ್ಟಿಹಾಕಿದ್ದೇವೆ.

ಇನ್ನೊಂದು ಮಾತು. ಚಿಕ್ಕವನಿದ್ದಾಗ ಅಜ್ಜಿ ‘ಅಲ್ಲಿ ಮಡು ಇದ್ದು, ಇಳಿಯಡ’ ಅನ್ನುತ್ತಿದ್ದಳು. ಅಷ್ಟು ಹೇಳಿದರೆ ಸಾಕಿತ್ತು. ಮೇಲೆ ನೀರು ಕನ್ನಡಿಯ ಹಾಗೆ ನಿಂತಿರುತ್ತದೆ, ದಡದಿಂದ ಎರಡು ಹೆಜ್ಜೆಗೆ ಕಾಲು ಸಿಗುವುದಿಲ್ಲ. ಆ ಎಚ್ಚರಿಕೆ ಪದದ ಒಳಗೇ ಇದೆ. ‘ತಾಣ’ ಎಂದು ಬರೆದ ಕೂಡಲೆ ಅದು ಹೋಯಿತು. ಹೊರಗಿನಿಂದ ಬಂದ ಹುಡುಗರು ತಾಣ ಅಂದರೆ ಈಜುವ ತಾಣವೂ ಹೌದು ಅಂದುಕೊಂಡು ಇಳಿದರೆ ಯಾರು ಹೊಣೆ?

‘ಬೇಟೆ’ ಬಗ್ಗೆಯೂ ಹೇಳಿಬಿಡುತ್ತೇನೆ. ಮೀನಿಗೆ ಬೇಟೆ ಎನ್ನುವುದು ತಪ್ಪಲ್ಲ. ಶಿರಸಿ, ಸಿದ್ದಾಪುರ, ಸೊರಬದ ಕಡೆ ‘ಕೆರೆಬೇಟೆ’ ಇದೆಯಲ್ಲ. ಆದರೆ ಅದು ಗಾಳದ ಕೆಲಸವಲ್ಲ. ಬೇಸಿಗೆಯಲ್ಲಿ ಕೆರೆ ತಳ ಕಾಣುವಾಗ ಊರಿಗೆ ಊರೇ ಕೂಣಿ ಹಿಡಿದು ಇಳಿಯುತ್ತದೆ. ಕೂಣಿ ಬಿದಿರಿನ ಸೀಳಿನಿಂದ ಹೆಣೆದದ್ದು, ಮೇಲೆ ಕಿರಿದು, ಕೆಳಗೆ ಅಗಲ, ಎರಡೂ ಕಡೆ ಬಾಯಿ. ಅದನ್ನು ಕೆಸರಿಗೆ ಒತ್ತುತ್ತಾರೆ. ಒಳಗೆ ಮೀನು ಸಿಕ್ಕಿದ್ದರೆ ಬಿದಿರಿಗೆ ಬಡಿದುಕೊಳ್ಳುತ್ತದೆ, ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಆಮೇಲೆ ಮೇಲಿನ ಬಾಯಿಂದ ಕೈ ಇಳಿಸಿ ತಡಕಿ ಹಿಡಿಯುವುದು. ಗಾಳದ ಬೋರ್ಡಿಗೆ ‘ಬೇಟೆ’ ಬರೆದರೆ ನಮ್ಮವರು ಕೂಣಿ ಹೊತ್ತು ಬರುತ್ತಾರೆ.

ಕುಮಟೆಯಿಂದ:

ಶಿರಸಿ ಮಾಸ್ತರರ ಮಾತು ಒಪ್ಪಿದೆ. ಧಾರವಾಡದವರಿಗೆ ಒಂದು ಪ್ರಶ್ನೆ. ಜಾಗ ಪಾರಸಿ ಎಂದು ಬಿಡುವುದಾದರೆ ಗಾಳವನ್ನು ಏನು ಮಾಡುತ್ತೀರಿ? ಮರಾಠಿಯಲ್ಲಿ ಅದು ಗಳ, ತೆಲುಗಿನಲ್ಲಿ ಗಾಲಮು. ಯಾರು ಯಾರಿಂದ ಪಡೆದರು ಎಂದು ಕೂತು ಲೆಕ್ಕ ಹಾಕಿದರೆ ಮೀನು ಎರೆಹುಳ ತಿಂದು ಹೋಗಿರುತ್ತದೆ. ನಮ್ಮ ಕೊಂಕಣಿಯವರು ಗಾಳಕ್ಕೆ ಗರಿ ಅನ್ನುತ್ತಾರೆ. ನಾನು ಎರಡೂ ಆಡುತ್ತೇನೆ, ನನ್ನ ಕನ್ನಡ ಅದರಿಂದ ಕೆಟ್ಟಿಲ್ಲ.

ಸಾಲ ಬರೀ ಒಂದು ಕಡೆಯಿಂದ ಬರುವುದಲ್ಲ. ಸಂಸ್ಕೃತದ ‘ಮೀನ’, ‘ನೀರ’ ಎರಡೂ ದ್ರಾವಿಡ ಕಡೆಯಿಂದ ಹೋದವು ಎಂದು ಭಾಷಾವಿದ್ವಾಂಸರೇ ಹೇಳುತ್ತಾರೆ. ಅವರು ನಮ್ಮ ಮೀನು ಒಯ್ದರು, ನಾವು ಅವರ ಸ್ಥಾನ ತಂದು ತಾಣ ಮಾಡಿಕೊಂಡೆವು. ಇದರಲ್ಲಿ ನಾಚಿಕೆ ಏನಿದೆ?

ನಕ್ಷೆಯ ಬಗ್ಗೆ ಒಂದು ತಕರಾರು. ಅಘನಾಶಿನಿ ಹೊಳೆ ಬದಿಯ ಗಜನಿಗಳನ್ನು ಅದರಲ್ಲಿ ಸೇರಿಸಿದ್ದರೆ ತೆಗೆಯಿರಿ. ಅದು ಸಿಹಿನೀರಲ್ಲ. ಕಗ್ಗ ಭತ್ತ ಬೆಳೆಯುವ, ಸೀಗಡಿ ಸಿಗುವ ಉಪ್ಪುನೀರಿನ ಗದ್ದೆ. ಗೋವೆಯಲ್ಲಿ ಇಂಥದೇ ಗದ್ದೆಗೆ ಖಾಜನ್ ಅನ್ನುತ್ತಾರೆ, ನೋಡಿದವರಿಗೆ ಗೊತ್ತಾಗುತ್ತದೆ. ಎರಡೂ ಹೆಸರು ಒಂದೇ ಬೇರಿನವು ಎಂದು ನನ್ನ ನಂಬಿಕೆ. ಹಾಗೇ ಕಾಳಿ ಹೊಳೆಯ ಕೆಳಭಾಗ. ಬೇಸಿಗೆಯಲ್ಲಿ ಸಮುದ್ರದ ಭರತದ ಜೊತೆ ಉಪ್ಪುನೀರು ಮೇಲೇರುತ್ತದೆ. ಅಲ್ಲಿಗೆ ‘ಅಳಿವೆ’ ಎನ್ನುವ ಚೆಂದದ ಪದ ಇದೆ. ‘ಹಿನ್ನೀರು’ ಎಂದು ಬರೆದು ಗೊಂದಲ ಮಾಡಬೇಡಿ. ಹಿನ್ನೀರು ಅಣೆಕಟ್ಟು ಇರುವ ಸೂಪಾದಲ್ಲಿ, ಕದ್ರಾದಲ್ಲಿ.

ಧಾರವಾಡದಿಂದ:

ಗಜನಿ, ಖಾಜನ್ ಒಂದೇ ಎನ್ನುವುದಕ್ಕೆ ಆಧಾರ ಇಲ್ಲ. ಉಚ್ಚಾರ ಹತ್ತಿರ ಇದ್ದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ. ಎರವಲಿಗೆ ಬಾಗಿಲು ತೆರೆದಿಟ್ಟರೆ ಇನ್ನು ಹತ್ತು ವರ್ಷಕ್ಕೆ ಬೋರ್ಡಿನ ಮೇಲೆ ‘ಫಿಶಿಂಗ್ ಸ್ಪಾಟ್’ ಎಂದೇ ಕನ್ನಡ ಅಕ್ಷರದಲ್ಲಿ ಇರುತ್ತದೆ. ನನ್ನ ಸಿಟ್ಟು ಜಾಗದ ಮೇಲಲ್ಲ, ಆ ದಿನದ ಮೇಲೆ. ‘ಮಡು’ವಿಗೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ.

ಶಿರಸಿಯಿಂದ:

ಆ ದಿನ ಬಾರದಿರಲಿ ಎಂದೇ ನಾನೂ ಬರೆಯುತ್ತಿರುವುದು. ಆದರೆ ಅದನ್ನು ತಡೆಯುವುದು ‘ಮೀನೆಡೆ’ಯಿಂದ ಆಗುವುದಿಲ್ಲ. ‘ಹಿನ್ನೀರು’ ನೋಡಿ. ಅದೂ ಅಣೆಕಟ್ಟು ಬಂದ ಮೇಲೆ ಹರಡಿದ ಮಾತು. ಆದರೆ ಹಿಂದೆ ನಿಂತ ನೀರು ಎಂದು ಓದಿದ ಕೂಡಲೆ ಹೊಳೆಯುತ್ತದೆ. ಹಾಗಾಗಿ ನಿಂತಿತು. ‘ಮೀನೆಡೆ’ಯನ್ನು ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತದೆ. ಹೊಳೆದಂಡೆಯಲ್ಲಿ ಬೋರ್ಡಿನ ಪಕ್ಕ ನಿಂತು ಬಿಡಿಸಿ ಹೇಳುವವರು ಯಾರು?

ತಂಗೀ, ಮೇಲೆ ‘ಗಾಳ ಹಾಕುವ ಜಾಗ’ ಎಂದು ಬರೆಯಿರಿ. ಕೆಳಗೆ ಆ ನೀರಿನ ಹೆಸರು: ಮಡು, ಕೆರೆ, ಹಿನ್ನೀರು. ಊರಿನವರು ಆ ಮಡುವಿಗೆ ಏನನ್ನುತ್ತಾರೆ ಎಂದು ಕೇಳಿಕೊಂಡು ಆ ಹೆಸರನ್ನೂ ಹಾಕಿ. ಹೊಳೆಯ ಬದಿಯ ಅಂಬಿಗರ ಮನೆಯಲ್ಲಿ ಕೇಳಿದರೆ ಒಂದೊಂದು ಮಡುವಿಗೂ ಹೆಸರು ಹೇಳುತ್ತಾರೆ.

ಕಾರವಾರದಿಂದ:

ಎಲ್ಲರಿಗೂ ಉಪಕಾರ ಆಯಿತು. ‘ಗಾಳ ಹಾಕುವ ಜಾಗ’ ಎರಡು ಅಡಿಯಲ್ಲಿ ಒಂದೇ ಸಾಲಿಗೆ ಕೂರುತ್ತದೆ, ಪೇಂಟರ್ ಹತ್ತಿರ ಅಳತೆ ಹಾಕಿಸಿದೆ. ಗಜನಿಯ ಎರಡು ಗುರುತು ನಕ್ಷೆಯಲ್ಲಿದ್ದವು, ತೆಗೆಸಿದ್ದೇನೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಬಂದಿದ್ದ ಒಂದು ಗುರುತನ್ನೂ ಅಳಿಸಿದ್ದಾಯಿತು.

ದಾಂಡೇಲಿಯ ಬೋರ್ಡು ಮಾತ್ರ ಬೇರೆ ಥರ ಮಾಡಿಸುತ್ತಿದ್ದೇನೆ. ಅಲ್ಲಿ ಕಾಳಿಯಲ್ಲಿ ಮೊಸಳೆ ಇವೆ. ‘ಗಾಳ ಹಾಕುವ ಜಾಗ’ ಎನ್ನುವ ಸಾಲೇ ಅಲ್ಲಿ ಬೇಡ ಎಂದು ನಕ್ಷೆ ಮಾಡಿಸುವವರಿಗೆ ಹೇಳಿದೆ, ಅವರೂ ಒಪ್ಪಿದರು. ಕೆಂಪು ಅಕ್ಷರದಲ್ಲಿ ಹೀಗೆ ಬರೆಸುತ್ತೇನೆ: ‘ಇಲ್ಲಿ ಮಡು ಇದೆ. ಮೊಸಳೆ ಇದೆ. ನೀರಿಗೆ ಇಳಿಯಬೇಡಿ.’