ಸಹಾಯ ಬೇಕು: ಉಬುಂಟು 24.04ಕ್ಕೆ ಹೋದ ಮೇಲೆ ಸೌಂಡೇ ಇಲ್ಲ

ಎಲ್ಲರಿಗೂ ನಮಸ್ಕಾರ, ಶಿರಸಿಯಿಂದ ಬರೆಯುತ್ತಿದ್ದೇನೆ. ಮನೆಯ ಡೆಸ್ಕ್‌ಟಾಪಿನಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) 22.04 ಇತ್ತು, 24.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಉಳಿದದ್ದೆಲ್ಲ ಸರಿ ಇದೆ, ಸೌಂಡ್ ಮಾತ್ರ ಪೂರ್ತಿ ಮಾಯ. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಹೆಸರಿದ್ದ ಜಾಗದಲ್ಲಿ ಈಗ ‘ಡಮ್ಮಿ ಔಟ್‌ಪುಟ್’ ಅಂತ ಒಂದೇ ಸಾಲು. ವಾಲ್ಯೂಮ್ ಪಟ್ಟಿ ಏನೂ ಆಗದವರ ಹಾಗೆ ಆಚೀಚೆ ಓಡಾಡುತ್ತದೆ!

ಸ್ಪೀಕರ್, ವೈರ್ ಎರಡೂ ಚೆನ್ನಾಗಿವೆ. ಪೆನ್‌ಡ್ರೈವ್‌ನಿಂದ 24.04 ಬೂಟ್ ಮಾಡಿದರೆ ಅದೇ ಸ್ಪೀಕರ್‌ನಲ್ಲಿ ಚೆಂಡೆ ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ, ಅಂದರೆ ಹಾರ್ಡ್‌ವೇರ್ ತಕರಾರು ಅಲ್ಲ, ಅಲ್ವಾ? ಸೌಂಡ್ ಸಾಧನಗಳನ್ನು ತೋರಿಸುವ ‘ಎ-ಪ್ಲೇ’ (aplay) ಕಮಾಂಡಿನ ಪಟ್ಟಿಯಲ್ಲೂ ಸೌಂಡ್ ಕಾರ್ಡ್ ಕಾಣುತ್ತದೆ. ವಾಲ್ಯೂಮ್ ಹೊಂದಿಸುವ ಆಲ್ಸಾಮಿಕ್ಸರ್‌ನಲ್ಲಿ ಯಾವುದೂ ಮ್ಯೂಟ್ ಆಗಿಲ್ಲ.

ನನಗೆ ಅನುಮಾನ ಇರುವುದು ಬೇರೆ ಕಡೆ. 22.04ರಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದದ್ದು ಪಲ್ಸ್‌ಆಡಿಯೊ ಅನ್ನುವ ಪ್ರೋಗ್ರಾಂ, 24.04ರಲ್ಲಿ ಆ ಕೆಲಸ ಪೈಪ್‌ವೈರ್ ಮತ್ತು ವೈರ್‌ಪ್ಲಂಬರ್ ಅನ್ನುವ ಹೊಸ ಪ್ರೋಗ್ರಾಂಗಳದು. ಆದರೆ ಕಾರ್ಡನ್ನು ಯಾವ ಪ್ರೋಗ್ರಾಂ ಬಳಸುತ್ತಿದೆ ಅಂತ ತೋರಿಸುವ ‘ಫ್ಯೂಸರ್’ ಕಮಾಂಡ್ ಹಾಕಿ ನೋಡಿದರೆ ಹಳೇ ಪಲ್ಸ್‌ಆಡಿಯೊ ಇನ್ನೂ ಕಾರ್ಡನ್ನು ಹಿಡಿದುಕೊಂಡು ಕೂತಿದೆ. ಅದನ್ನು ಕಿಲ್ ಮಾಡಿದರೆ ತಕ್ಷಣ ಮತ್ತೆ ಎದ್ದು ಬರುತ್ತದೆ. ಪ್ಯಾಕೇಜನ್ನೇ ತೆಗೆದುಹಾಕಬಹುದಾ, ಇಲ್ಲ ಜೊತೆಗೆ ಡೆಸ್ಕ್‌ಟಾಪಿನ ಬೇರೆ ಪ್ಯಾಕೇಜುಗಳೂ ಹೋಗಿಬಿಡುತ್ತವಾ? ಅಥವಾ ಅದರ ಸರ್ವಿಸ್ ಮತ್ತು ಸಾಕೆಟ್ (ಸರ್ವಿಸನ್ನು ಎಬ್ಬಿಸುವ ಭಾಗ) ಎರಡನ್ನೂ ಮಾಸ್ಕ್ ಮಾಡಿದರೆ, ಅಂದರೆ ಮತ್ತೆ ಏಳದ ಹಾಗೆ ತಡೆದರೆ, ಸಾಕಾ? ಹೋಮ್ ಫೋಲ್ಡರಿನಲ್ಲಿರುವ ಪಲ್ಸ್‌ಆಡಿಯೊದ ಹಳೇ ಕಾನ್ಫಿಗ್ (ಸೆಟ್ಟಿಂಗ್ಸ್ ಫೈಲುಗಳು) ಅಳಿಸಬೇಕಾ?

ತಾಳಮದ್ದಳೆ ರೆಕಾರ್ಡಿಂಗ್ ಕತ್ತರಿಸಿ ಕೊಡುವುದಿದೆ, ಅರ್ಥಧಾರಿಗಳು ದಿನಾ ಫೋನ್ ಮಾಡುತ್ತಿದ್ದಾರೆ. ದಯವಿಟ್ಟು ಫಾರ್ಮ್ಯಾಟ್ ಮಾಡಿ ಅಂತ ಮಾತ್ರ ಹೇಳಬೇಡಿ. ಈ ಮಳೆಯಲ್ಲಿ ನಮ್ಮೂರಿನ ನೆಟ್ ಹೇಗಿರುತ್ತದೆ ಅಂತ ಘಟ್ಟದವರಿಗೆ ಗೊತ್ತೇ ಇದೆ. ಯಾವ ಲಾಗ್ ಬೇಕು ಹೇಳಿ, ಕಾಮೆಂಟಿನಲ್ಲಿ ಹಾಕುತ್ತೇನೆ.